ಉಸಿರು ತೋರಿಸದ ಹಾಡು

ಗಾಯಕಿ ಮಿಂಚುವಿನ ಹೊಸ ಆಲ್ಬಮ್ ಹೊರಬರುವ ದಿನಕ್ಕಾಗಿ ಆ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಕಾದಿದ್ದವಳು ಅವಳ ಅಭಿಮಾನಿಯಾಗಿರಲಿಲ್ಲ. ಹೊಲಿಗೆ ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ಕೂತು ಯಾರದೋ ಪ್ಯಾಂಟಿನ ಕಾಲು ಗಿಡ್ಡ ಮಾಡುತ್ತಿದ್ದ ಹೆಂಗಸು ಅವಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದರಿಂದ ಅವಳು ಹಲ್ಲು ಕಡಿಯುತ್ತಿದ್ದದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈ ಆಲ್ಬಮ್ ಗೆಲ್ಲಲಿ, ಮನೆಮನೆಯಲ್ಲೂ ಮೊಳಗಲಿ ಎಂದು ಅವಳು ಹಾರೈಸಿದಷ್ಟು ಮಿಂಚುವಿನ ಹೆತ್ತ ತಾಯಿಯೂ ಹಾರೈಸಿರಲಾರಳು. ಅದು ಗೆದ್ದರೆ ಮಾತ್ರ ಮಿಂಚು ಸರಿಯಾಗಿ ಸೋಲುತ್ತಿದ್ದಳು.

ಹೊಲಿಗೆಯ ಈ ಹೆಂಗಸನ್ನು ಹಾಡಿನ ಸ್ಟುಡಿಯೋದಲ್ಲಿ ಎಲ್ಲರೂ ಟ್ರ್ಯಾಕಕ್ಕ ಎಂದು ಕರೆಯುತ್ತಿದ್ದರು. ಟ್ರ್ಯಾಕ್ ಹಾಡುವುದೆಂದರೆ ಏನು ಎಂದು ಕೇಳಿದವರಿಗೆ ಅವಳು ಹೊಲಿಗೆಯ ಭಾಷೆಯಲ್ಲೇ ತಿಳಿಸಿ ಹೇಳುತ್ತಿದ್ದಳು. ಬಟ್ಟೆಗೆ ಮೊದಲು ಕಚ್ಚಾ ಹೊಲಿಗೆ ಹಾಕುತ್ತಾರಲ್ಲ, ಅದು. ಹಾಡು ಹುಟ್ಟಿದ ಕೂಡಲೇ ಇವಳು ಹಾಡಿಡಬೇಕು. ದೊಡ್ಡ ಗಾಯಕಿ ಬಂದು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಇವಳು ಹಾಡಿದ್ದನ್ನು ಕೇಳಿ ಕೇಳಿ ಕಲಿತು ತಾನು ಹಾಡುತ್ತಾಳೆ. ಪಕ್ಕಾ ಹೊಲಿಗೆ ಬಿದ್ದ ಮೇಲೆ ಕಚ್ಚಾ ದಾರವನ್ನು ಎಳೆದು ಕಸದ ಬುಟ್ಟಿಗೆ ಹಾಕುತ್ತಾರೆ. ಆ ದಾರ ತಾನು ಎಂದು ಹೇಳಿ ಅವಳು ನಗುತ್ತಿದ್ದಳು, ಕೇಳಿದವರೂ ನಗುತ್ತಿದ್ದರು. ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಒಂದು ಕಾಲದಲ್ಲಿ ಅವಳೂ ಮಿಂಚುವೂ ಒಂದೇ ಮೈಕಿನ ಮುಂದೆ ಭುಜಕ್ಕೆ ಭುಜ ತಾಗಿಸಿ ನಿಂತು ಕೋರಸ್ ಹಾಡಿದವರು. ಮಿಂಚುವಿಗೆ ಆಗ ಮಿಂಚು ಎಂಬ ಹೆಸರೂ ಇರಲಿಲ್ಲ, ಚಳಿಗೆ ಸರಿಯಾದ ಸ್ವೆಟರೂ ಇರಲಿಲ್ಲ. ಸ್ವೆಟರ್ ಕೊಟ್ಟದ್ದು ಟ್ರ್ಯಾಕಕ್ಕ, ಕಂಠ ತಿದ್ದಿದ್ದೂ ಟ್ರ್ಯಾಕಕ್ಕ. ಹುಡುಗಿ ಚೂಟಿ, ಅದನ್ನು ಒಪ್ಪಿಕೊಳ್ಳಲೇಬೇಕು. ಕೇಳಿದ್ದನ್ನು ಕೇಳಿದ ಹಾಗೇ ಗಂಟಲಿಗೆ ಇಳಿಸಿಕೊಳ್ಳುತ್ತಿದ್ದಳು. ಇವಳು ಕೆಮ್ಮಿದರೆ ಅವಳೂ ಅದೇ ಶ್ರುತಿಯಲ್ಲಿ ಕೆಮ್ಮುವಳು. ಜನರ ಮುಂದೆ ನಿಂತಳೆಂದರೆ ನೋಡುವವರ ಕಣ್ಣು ಬೇರೆಡೆಗೆ ಹೊರಳದಂತೆ ಹಿಡಿದಿಡುವಳು. ಇಲ್ಲದ್ದು ಒಂದೇ, ಉಸಿರು. ಅರ್ಧ ಸಾಲಿಗೆ ಅವಳ ಎದೆ ಖಾಲಿಯಾಗುತ್ತಿತ್ತು.

ಅದಕ್ಕೇ ಟ್ರ್ಯಾಕಕ್ಕ ಅವಳಿಗಾಗಿ ಹಾಡುವಾಗಲೆಲ್ಲ ಉಸಿರು ತೋರಿಸುತ್ತಿದ್ದಳು. ಇದು ಟ್ರ್ಯಾಕ್ ಹಾಡುವವರ ರೂಢಿ. ಎಲ್ಲಿ ಉಸಿರು ಎಳೆಯಬೇಕೋ ಅಲ್ಲಿ ಹೆಡ್‌ಫೋನಿನಲ್ಲಿ ಕೇಳುವಷ್ಟು ಜೋರಾಗಿ ಎಳೆದು ಗುರುತು ಮಾಡುವುದು. ಮಿಂಚುವಿನ ಪುಟ್ಟ ಎದೆಗೆ ತಕ್ಕಂತೆ ಸಾಲನ್ನು ಎಲ್ಲಿ ಮುರಿದರೆ ಗೊತ್ತಾಗುವುದಿಲ್ಲ, ಯಾವ ಅಕ್ಷರದ ಹಿಂದೆ ಅಡಗಿ ಒಂದು ಗುಟುಕು ಗಾಳಿ ಕುಡಿಯಬಹುದು, ಎಲ್ಲ ಲೆಕ್ಕ ಹಾಕಿ ಇಡುತ್ತಿದ್ದಳು. ಇಷ್ಟು ವರ್ಷ ಮಿಂಚು ಹಾಡಿದ ಪ್ರತಿ ಹಾಡಿನಲ್ಲೂ ಟ್ರ್ಯಾಕಕ್ಕನ ಉಸಿರಿತ್ತು. ಯಾರಿಗೂ ಅದು ಗೊತ್ತಿರಲಿಲ್ಲ, ಗೊತ್ತಾಗಲಿ ಎಂದು ಅವಳೂ ಬಯಸಿರಲಿಲ್ಲ. ಆ ಮೆಟ್ಟಿಲಿನ ಹಾಡು ಬರುವ ತನಕ.

ಟ್ರ್ಯಾಕಕ್ಕ ಹುಟ್ಟಿ ಬೆಳೆದದ್ದು ಲಿಫ್ಟ್ ಇಲ್ಲದ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿ. ನೀರು ಬರುತ್ತಿದ್ದದ್ದು ಕೆಳಗಿನ ಅಂಗಳದ ನಲ್ಲಿಯಲ್ಲಿ ಮಾತ್ರ. ಅಮ್ಮ ದೊಡ್ಡ ಕೊಡ, ಮಗಳು ಸಣ್ಣ ಕೊಡ ಹೊತ್ತು ಹತ್ತುತ್ತಿದ್ದರು. ಭಾರ ಮರೆಯಲೆಂದು ಅಮ್ಮ ಒಂದು ಆಟ ಕಟ್ಟಿದ್ದಳು. ಒಂದು ಮಹಡಿಗೆ ಒಂದೇ ಉಸಿರು. ಕೆಳಗಿನ ಮೆಟ್ಟಿಲಲ್ಲಿ ರಾಗ ಎತ್ತಿದರೆ ಮೇಲಿನ ಬಾಗಿಲು ಮುಟ್ಟುವ ತನಕ ಬಿಡುವಂತಿಲ್ಲ. 'ಇನ್ನೊಂದೇ ಮೆಟ್ಟಿಲು, ಇನ್ನೊಂದೇ ಮೆಟ್ಟಿಲು' ಎಂದು ಅಮ್ಮ ಎಳೆಯುತ್ತಿದ್ದ ರಾಗವದು. ಅಮ್ಮ ಹೋಗಿ ಬಹಳ ಕಾಲವಾಗಿತ್ತು. ಆ ರಾಗ ಮಾತ್ರ ಮಗಳ ಎದೆಯಲ್ಲಿ ಹಾಗೇ ಇತ್ತು.

ಒಂದು ದಿನ ಸ್ಟುಡಿಯೋದ ಬೆಂಚಿನ ಮೇಲೆ ಕಾಯುತ್ತಾ ಅವಳು ಅದನ್ನೇ ಗುನುಗುತ್ತಿದ್ದಾಗ ಸಂಗೀತ ನಿರ್ದೇಶಕ ಕಿವಿ ನೆಟ್ಟಗೆ ಮಾಡಿದ. ಅವನನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. "ಇದನ್ನ ಹಾಡು ಮಾಡೋಣಮ್ಮ," ಅಂದ. "ಮಿಂಚು ಆಲ್ಬಮ್‌ನಲ್ಲೇ ಇರ್ಲಿ, ಆದ್ರೆ ಇದೊಂದನ್ನ ನೀನೇ ಹಾಡು. ನಿನ್ನ ಹೆಸರು ಹಾಕ್ತೀನಿ, ನನ್ನಾಣೆ." ಆಣೆ ಇಟ್ಟದ್ದು ತನ್ನ ಮೇಲೇ ಆದ್ದರಿಂದ ನಷ್ಟ ಯಾರಿಗೂ ಆಗುವಂತಿರಲಿಲ್ಲ. ಅವಳು ನಂಬಿದಳು. ಮನೆಗೆ ಓಡಿ ಬಂದು ಅತ್ತೆಗೆ ಹೇಳಿದಳು. ಬಸ್ ಓಡಿಸುವ ಗಂಡ ಕೆಲಸದಿಂದ ಬಂದ ಕೂಡಲೇ, ಅವನು ಬೂಟು ಬಿಚ್ಚುವ ಮೊದಲೇ ಹೇಳಿದಳು. ಜೀವಮಾನದಲ್ಲಿ ಒಂದು ಹಾಡು, ತನ್ನ ಗಂಟಲಲ್ಲಿ, ತನ್ನ ಹೆಸರಲ್ಲಿ. ಅದಕ್ಕಿಂತ ಹೆಚ್ಚಿನದನ್ನು ಅವಳು ಯಾವತ್ತೂ ಕೇಳಿದವಳಲ್ಲ.

ಹಾಡು ಸಿದ್ಧವಾಯಿತು. ಮಿಂಚು ಸ್ಟುಡಿಯೋದ ಸೋಫಾದ ಮೇಲೆ ಕಾಲು ಮಡಚಿ ಕೂತು ಕೇಳಿದಳು. ಕಣ್ಣಲ್ಲಿ ನಿಜವಾದ ನೀರು ಬಂತು.

"ಅಕ್ಕಾ, ಇದನ್ನ ನಂಗೆ ಬಿಟ್ಬಿಡು."

"ಇದು ನಮ್ಮಮ್ಮನ ಹಾಡು ಕಣೇ," ಅಂದಳು ಟ್ರ್ಯಾಕಕ್ಕ.

"ಅದಕ್ಕೇ ಕೇಳ್ತಿದೀನಿ. ನೀನು ಹಾಡಿದ್ರೆ ಯಾರು ಕೇಳ್ತಾರೆ ಹೇಳು? ನಾನು ಹಾಡಿದ್ರೆ ನಿಮ್ಮಮ್ಮನ ಹಾಡು ಲೋಕಕ್ಕೆಲ್ಲ ಗೊತ್ತಾಗತ್ತೆ. ನೀನು ಬಿಡ್ದೇ ಇದ್ರೂ ಮೇಷ್ಟ್ರು ನಂಗೇ ಕೊಡ್ತಾರೆ. ಆದ್ರೂ ಬಾಯಿಬಿಟ್ಟು ಕೇಳ್ತಿದೀನಿ ನೋಡು, ಅಷ್ಟು ಗೌರವ ನಂಗೆ ನಿನ್ನ ಮೇಲೆ."

ಟ್ರ್ಯಾಕಕ್ಕ ಮೇಷ್ಟ್ರ ಕಡೆ ನೋಡಿದಳು. ಮೇಷ್ಟ್ರು ತನ್ನ ಉಗುರುಗಳನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದ. ಹೋಗಲಿ ಅಂದರೆ ಅಷ್ಟಕ್ಕೇ ಮುಗಿಯಲಿಲ್ಲ. ಪದಗಳನ್ನೂ ಬದಲಾಯಿಸಿದರು. 'ಇನ್ನೊಂದೇ ಮೆಟ್ಟಿಲು ಅಂದವಳೇ, ಎಲ್ಲಿ ಹೋದೆ' ಎಂದಿದ್ದದ್ದು 'ಅಂದವನೇ' ಆಯಿತು. ನೀರಿನ ಕೊಡ ಹೊತ್ತು ಸೊಂಟ ಸವೆಸಿಕೊಂಡ ತಾಯಿ ಒಂದೇ ಮಧ್ಯಾಹ್ನದಲ್ಲಿ ಯಾವನೋ ಕೈಕೊಟ್ಟ ಪ್ರಿಯಕರನಾಗಿ ಹೋದಳು. ಟ್ರ್ಯಾಕಕ್ಕನಿಗೆ ಸಿಟ್ಟು ಬಂತು. ಆದರೆ ಅವಳ ಸಿಟ್ಟು ಭುಗಿಲೆನ್ನುವ ಜಾತಿಯದಲ್ಲ, ಇಸ್ತ್ರಿಪೆಟ್ಟಿಗೆಯ ಜಾತಿಯದು. ಕೆಂಪಗಾಗುವುದಿಲ್ಲ, ಮುಟ್ಟಿ ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ.

"ಮಿಂಚು ಶ್ರುತಿಗೆ ಇನ್ನೊಂದ್ಸಲ ಟ್ರ್ಯಾಕ್ ಹಾಡಿಬಿಡಮ್ಮ," ಅಂದ ಮೇಷ್ಟ್ರು, ಇನ್ನೂ ಉಗುರು ನೋಡುತ್ತಲೇ.

"ಹಾಡ್ತೀನಿ," ಅಂದಳು.

ಹಾಡಿದಳು. ಆದರೆ ಈ ಸಲ ಉಸಿರು ತೋರಿಸಲಿಲ್ಲ. ಇಡೀ ಹಾಡಿನಲ್ಲಿ ಎಲ್ಲೂ ಇಲ್ಲ. ಕೊನೆಯ ಆ ಸಾಲು, ಮಹಡಿಯ ಕೆಳಗಿನಿಂದ ಮೇಲಿನ ಬಾಗಿಲ ತನಕ ಏರುವ ಸಾಲು, ಅದನ್ನಂತೂ ನೂಲು ಹರಿಯದಂತೆ ಒಂದೇ ಎಳೆಯಲ್ಲಿ ಎಳೆದು, ತುದಿಯಲ್ಲಿ ಅಮ್ಮನ ಹಾಗೆ ಒಂದು ಸಣ್ಣ ತಿರುವು ಕೊಟ್ಟು ನಿಲ್ಲಿಸಿದಳು. ಗಾಜಿನಾಚೆ ಕೂತಿದ್ದ ರೆಕಾರ್ಡಿಂಗ್‌ನವನು ಹುಬ್ಬೇರಿಸಿದ. "ಅಕ್ಕಾ, ಇದ್ರಲ್ಲಿ ಉಸಿರೆಲ್ಲಿ?"

"ಬೇಕಾದೋರು ತಗೋತಾರೆ ಬಿಡಪ್ಪ," ಅಂದಳು.

ಮಿಂಚು ತಗೊಳ್ಳಲಿಲ್ಲ. ಹೆಡ್‌ಫೋನಿನಲ್ಲಿ ಕೇಳದ್ದನ್ನು ಅವಳು ಯಾವತ್ತೂ ಹಾಡಿದವಳಲ್ಲ. ಸ್ಟುಡಿಯೋದಲ್ಲಿ ಅದರಿಂದ ತೊಂದರೆಯೇನೂ ಆಗುವುದಿಲ್ಲ. ಎರಡೆರಡು ಪದ ಹಾಡುವುದು, ನಿಲ್ಲಿಸಿ ನೀರು ಕುಡಿಯುವುದು, ಮತ್ತೆ ಎರಡು ಪದ. ಆಮೇಲೆ ತುಂಡುಗಳನ್ನು ಜೋಡಿಸಿ ಜೋಡಣೆ ಕಾಣದಂತೆ ಉಜ್ಜುತ್ತಾರೆ. ಆದರೆ ವೇದಿಕೆಯ ಮೇಲೆ ಜೋಡಿಸುವವರು ಯಾರೂ ಇರುವುದಿಲ್ಲ. ಹಿಂದಿನ ವರ್ಷ ಒಂದು ಕಾರ್ಯಕ್ರಮದಲ್ಲಿ ರೆಕಾರ್ಡ್ ಹಾಕಿ ಬಾಯಿ ಆಡಿಸಿ ಸಿಕ್ಕಿಬಿದ್ದ ಮೇಲೆ ಮಿಂಚು ಊರೆಲ್ಲ ಕೇಳುವಂತೆ ಶಪಥ ಮಾಡಿದ್ದಳು, ಇನ್ನು ನಾನು ವೇದಿಕೆಯಲ್ಲಿ ಹಾಡುವುದೆಲ್ಲ ನೇರ, ಸ್ವಂತ ಗಂಟಲು ಎಂದು. ಟ್ರ್ಯಾಕಕ್ಕ ಆ ಶಪಥವನ್ನು ಮರೆತಿರಲಿಲ್ಲ. ಹಾಡು ಗೆಲ್ಲಬೇಕು, ಜನ ಅದನ್ನೇ ಹಾಡು ಎಂದು ಪಟ್ಟುಹಿಡಿಯಬೇಕು, ಸಾವಿರಾರು ಕಣ್ಣುಗಳ ಮುಂದೆ ಮಿಂಚುವಿನ ಎದೆ ಅರ್ಧ ಮೆಟ್ಟಿಲಲ್ಲಿ ಖಾಲಿಯಾಗಬೇಕು. ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

ಆಲ್ಬಮ್ ಬಂದ ದಿನ ಮಧ್ಯಾಹ್ನ ಅತ್ತೆ ಅಂಗಡಿಯ ಬಾಗಿಲು ಅರ್ಧ ಎಳೆದಳು. ಆ ಅಂಗಡಿ ಅತ್ತೆಯದೇ. ಕನ್ನಡಕದ ಮೇಲಿಂದ ನೋಡಿ ಗಿರಾಕಿಯ ಸೊಂಟದ ಅಳತೆ ಹೇಳುವ ಹೆಂಗಸು. ಸೊಸೆಯ ಮನಸ್ಸಿನ ಅಳತೆಗೂ ಅವಳಿಗೆ ಟೇಪು ಬೇಕಾಗಿರಲಿಲ್ಲ.

"ಹಾಕೇ, ಕೇಳೋಣ. ಆ ಪ್ಯಾಂಟನ್ನ ಆಗ್ಲಿಂದ ಕೊಲ್ತಾ ಇದೀಯ," ಅಂದಳು.

ಟ್ರ್ಯಾಕಕ್ಕ ಫೋನನ್ನು ಬಟ್ಟಲಿನೊಳಗೆ ನಿಲ್ಲಿಸಿ ಹಾಡು ಹಚ್ಚಿದಳು. ಬಟ್ಟಲಲ್ಲಿಟ್ಟರೆ ಸದ್ದು ದುಂಡಗೆ ಬರುತ್ತದೆ. ಮೊದಲ ಹಾಡು ಡ್ರಮ್ಮಿನ ಹೊಡೆತದೊಂದಿಗೆ ಶುರುವಾಯಿತು. ಎಡಗಾಲು ತಾನಾಗಿ ಕುಣಿಯಲು ಹೊರಟಿತು, ಅವಳು ಬಲಗಾಲಿನಿಂದ ಅದನ್ನು ಒತ್ತಿ ಹಿಡಿದಳು. ಎರಡನೆಯದು ತುಂಟ ಹಾಡು, ಮಾತಾಡಿದ ಹಾಗೇ ಹಾಡುವಂಥದ್ದು. ಒಂದು ಕಡೆ ಮಿಂಚು ಫಕ್ಕನೆ ನಕ್ಕುಬಿಡುತ್ತಾಳೆ. ಅತ್ತೆಯೂ ಫಕ್ಕನೆ ನಕ್ಕಳು, ನಕ್ಕದ್ದು ಸೊಸೆಗೆ ಕಂಡಿತೆಂದು ಗೊತ್ತಾಗಿ ಕೆಮ್ಮಿದಳು. ಮೂರನೆಯ ಹಾಡಿನಲ್ಲಿ ಕೊಳಲಿನ ಜೊತೆ ಮಿಂಚುವಿನ ದನಿ ಹೇಗೆ ಬೆರೆತಿತ್ತೆಂದರೆ ಯಾವುದು ಯಾವುದೆಂದು ಹೇಳಲಾಗುತ್ತಿರಲಿಲ್ಲ. ಚೆನ್ನಾಗಿತ್ತು. ಹಾಳಾದದ್ದು, ಬಹಳ ಚೆನ್ನಾಗಿತ್ತು. ದ್ವೇಷಿಸಬೇಕೆಂದು ತಯಾರಾಗಿ ಕೂತವಳಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಬೇರೆ ಇರಲಿಲ್ಲ.

ಆಮೇಲೆ ಮೆಟ್ಟಿಲಿನ ಹಾಡು ಬಂತು. ಇಬ್ಬರೂ ಕೈಯಲ್ಲಿದ್ದ ಕೆಲಸ ಕೆಳಗಿಟ್ಟರು. ಕೊನೆಯ ಸಾಲು ಕೆಳಗಿನಿಂದ ಎದ್ದಿತು, ಏರಿತು, ಇನ್ನು ಸಾಕು ಅನ್ನುವಲ್ಲಿಯೂ ನಿಲ್ಲದೆ ಏರಿತು, ಕೇಳುವವರ ಉಸಿರನ್ನೂ ತನ್ನ ಜೊತೆ ಎಳೆದುಕೊಂಡು ಹೋಗಿ, ಬಾಗಿಲ ಹತ್ತಿರ ಆ ಸಣ್ಣ ತಿರುವು ತಗೊಂಡು ನಿಂತಿತು. ತಿರುವನ್ನೂ ಬಿಟ್ಟಿರಲಿಲ್ಲ ಕಳ್ಳಿ. ಟ್ರ್ಯಾಕಕ್ಕನ ಕಣ್ಣು ತುಂಬಿತು. ಅಮ್ಮನ ಕೈಯ ಕೊಡ ತುಳುಕಿ ಮೆಟ್ಟಿಲ ಮೇಲೆ ನೀರು ಬಿದ್ದದ್ದು, ಅವಳ ಕಾಲ ಹಿಮ್ಮಡಿ ಒದ್ದೆಯಾಗಿದ್ದದ್ದು ಕಣ್ಣಿಗೆ ಕಟ್ಟಿತು. ಅಳುತ್ತಲೇ ಹಾಡನ್ನು ಮತ್ತೆ ಹಚ್ಚಿದಳು. ಮತ್ತೆ. ಇನ್ನೊಮ್ಮೆ.

"ಇದು ನೀನು ಹಾಡ್ದಂಗೇ ಇದೆಯಲ್ಲೇ," ಅಂದಳು ಅತ್ತೆ.

"ನಾನು ಹಾಡ್ದಂಗೇ ಇದೆ ಅತ್ತೆ. ಅದೇ ಹೊಟ್ಟೆ ಉರಿಯೋದು."

ಕೊನೆಗೆ ಆಲ್ಬಮ್ಮಿನ ಜೊತೆ ಮಿಂಚು ಬರೆದಿದ್ದ ಕೃತಜ್ಞತೆಯ ಮಾತುಗಳನ್ನು ಅತ್ತೆ ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದಳು. ಮೇಷ್ಟ್ರಿಗೆ ಕೃತಜ್ಞತೆ ಇತ್ತು. ಕೂದಲು ಸುರುಳಿ ಮಾಡಿದವಳಿಗಿತ್ತು. ಮಿಂಚುವಿನ ಬೆಕ್ಕಿಗಿತ್ತು. "ಬೆಕ್ಕಿಗೆ ಯಾಕಂತೆ?" ಅಂದಳು ಅತ್ತೆ. "ಅದು ಟ್ರ್ಯಾಕ್ ಹಾಡಿತ್ತಾ?" ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ಟ್ರ್ಯಾಕಕ್ಕ ಪ್ಯಾಂಟನ್ನು ಕೈಗೆತ್ತಿಕೊಂಡು, ಉಳಿದ ಅಂಚನ್ನು ಒಂದೂ ಹೊಲಿಗೆ ತಪ್ಪದಂತೆ ಮುಗಿಸಿದಳು.

ಹಾಡು ಗೆದ್ದಿತು. ಗೆದ್ದಿತು ಅಂದರೆ ಸಾಲದು, ಬೀದಿಗೆ ಬೀದಿಯೇ ಹುಚ್ಚೆದ್ದಿತು. ಕ್ಷೌರದಂಗಡಿಯಲ್ಲಿ ಅದೇ, ಔಷಧಿ ಅಂಗಡಿಯಲ್ಲಿ ಅದೇ, ಬಸ್ಸಿನಲ್ಲಿ ಎಲ್ಲರ ಫೋನಿನಲ್ಲೂ ಅದೇ. ಕೊನೆಯ ಸಾಲನ್ನು ಒಂದೇ ಉಸಿರಿನಲ್ಲಿ ಯಾರು ಹಾಡುತ್ತಾರೆ ಎಂಬ ಪಂದ್ಯ ಶುರುವಾಯಿತು. ಶಾಲೆಯ ಹುಡುಗಿಯರು ಬಸ್ ನಿಲ್ದಾಣದಲ್ಲಿ ಹಾಡಿ ಕೆಂಪಗಾಗಿ ಕೆಮ್ಮುತ್ತಿದ್ದರು. ಹಣ್ಣು ಮಾರುವವನು ದಿನವೂ ಸೋತು ದಿನವೂ ಮತ್ತೆ ಹಾಡುತ್ತಿದ್ದ. "ಮಿಂಚುಗೆ ಎಂಥಾ ಎದೆ ನೋಡಿ, ಎಲ್ಲೂ ಉಸಿರೇ ತಗೊಳಲ್ಲ," ಎಂದು ಗಿರಾಕಿಯೊಬ್ಬಳು ಅಂಗಡಿಯಲ್ಲಿ ಹೇಳಿದಾಗ ಟ್ರ್ಯಾಕಕ್ಕ ಅವಳ ಮೈಮೇಲಿನ ಬ್ಲೌಸಿಗೆ ಚುಚ್ಚುತ್ತಿದ್ದ ಗುಂಡುಸೂಜಿ ತುಸು ಒಳಗೇ ಹೋಯಿತು. ಆ ಗಿರಾಕಿ ಹಾ ಎಂದು ಚೀರಿದಳು. ಟ್ರ್ಯಾಕಕ್ಕ ವಿನಯದಿಂದ ಕ್ಷಮೆ ಕೇಳಿದಳು.

ಅಷ್ಟು ಸಾಲದೆಂಬಂತೆ, ಆಲ್ಬಮ್ಮಿನ ಚಿತ್ರದಲ್ಲಿ ಮಿಂಚು ಹಾಕಿದ್ದ ಉಬ್ಬುತೋಳಿನ ರವಿಕೆ ಎಲ್ಲರಿಗೂ ಬೇಕಾಯಿತು. ಅತ್ತೆಯ ಅಂಗಡಿಗೆ ಅದೇ ತೋಳು ಹೊಲಿಸಲು ಹೆಂಗಸರು ಸಾಲುಗಟ್ಟಿದರು. ಹಗಲೆಲ್ಲ ಟ್ರ್ಯಾಕಕ್ಕ ಮಿಂಚುವಿನ ತೋಳು ಹೊಲಿದಳು, ಮಿಂಚುವಿನ ಹಾಡು ಕೇಳಿದಳು. ಯಾರೂ ನೋಡದಾಗ ಆ ತುಂಟ ಹಾಡಿಗೆ ತಲೆದೂಗುವುದೂ ಇತ್ತು. ಮೆಟ್ಟಿಲಿನ ಹಾಡು ಬಂದಾಗ ಮಾತ್ರ ಸುಮ್ಮನಾಗುತ್ತಿದ್ದಳು. 'ಹಾಡ್ರಪ್ಪ, ಇನ್ನೂ ಜೋರಾಗಿ ಹಾಡ್ರಿ' ಎಂದು ಮನಸ್ಸಿನಲ್ಲೇ ಅನ್ನುತ್ತಿದ್ದಳು.

ದೊಡ್ಡ ಮೈದಾನದಲ್ಲಿ ಮಿಂಚುವಿನ ಕಾರ್ಯಕ್ರಮವೆಂದು ಗೋಡೆಗೋಡೆಗೂ ಪೋಸ್ಟರ್ ಬಿತ್ತು. ಅದಾದ ಕೆಲವು ದಿನಕ್ಕೆ, ಬೆಳಗ್ಗೆ ಅಂಗಡಿ ಬಾಗಿಲು ತೆರೆಯುತ್ತಿದ್ದಂತೆ ಕಪ್ಪು ಕನ್ನಡಕ ಹಾಕಿ ತಲೆಗೆ ಬಟ್ಟೆ ಸುತ್ತಿದ ಒಬ್ಬಳು ಬಂದು ಗಿರಾಕಿಗಳ ಬೆಂಚಿನ ಮೇಲೆ ಕೂತಳು. ಅತ್ತೆ ಕನ್ನಡಕದ ಮೇಲಿಂದ ಒಂದು ನೋಟ ನೋಡಿ, "ಸೊಂಟ ಇಳಿದಿದೆ ನಿಂಗೆ, ಊಟ ಮಾಡಲ್ವಾ?" ಅಂದಳು. ಮಿಂಚು ಕನ್ನಡಕ ತೆಗೆದಳು. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು.

"ಅಕ್ಕಾ, ಆ ಸಾಲು ನಂಗೆ ಬರ್ತಿಲ್ಲ. ರಿಹರ್ಸಲ್‌ನಲ್ಲಿ ಎಲ್ಲಾ ಬರತ್ತೆ, ಅದೊಂದ್ರಲ್ಲಿ ಅರ್ಧಕ್ಕೇ ಉಸಿರು ಹೋಗತ್ತೆ. ಮಧ್ಯ ನಿಲ್ಲಿಸೋಣ ಅಂದ್ರೆ ಅದನ್ನೇ ಕೇಳೋಕೆ ಬರ್ತಿದಾರೆ ಜನ. ನೀನು ಎಲ್ಲಿ ತಗೊಂಡಿದ್ದೆ ಉಸಿರು?"

"ತಗೊಂಡಿರ್ಲಿಲ್ಲ."

ಮಿಂಚು ಬೆಂಚಿನಿಂದ ಎದ್ದು ಬಂದು ಅವಳ ಕೈ ಹಿಡಿದುಕೊಂಡಳು, ಹಳೆಯ ದಿನಗಳಲ್ಲಿ ಬಸ್ಸಿನಲ್ಲಿ ಹಿಡಿದುಕೊಳ್ಳುತ್ತಿದ್ದ ಹಾಗೆ. "ಹಾಗಾದ್ರೆ ನೀನು ಬಾ. ಹಿಂದೆ ಕೋರಸ್‌ನವರ ಜೊತೆ ನಿಂತ್ಕೋ. ಆ ಸಾಲು ಬಂದಾಗ ನೀನು ಹಾಡು, ನಾನು ಬಾಯಿ ಆಡಿಸ್ತೀನಿ. ಯಾರಿಗೂ ಗೊತ್ತಾಗಲ್ಲ, ನಮ್ಮಿಬ್ರ ದನಿ ಒಂದೇ ಅಲ್ವಾ."

"ಗೊತ್ತಾಗ್ಲಿ ಅಂದ್ರೆ? ವೇದಿಕೆ ಮೇಲೆ ನನ್ನ ಹೆಸರು ಹೇಳ್ತೀಯಾ? ಈ ಹಾಡು ಇವಳದ್ದು, ಇವಳಮ್ಮಂದು ಅಂತ ಒಂದು ಮಾತು. ಅಷ್ಟು ಹೇಳು, ಜೀವ ಬಿಟ್ಟು ಹಾಡ್ತೀನಿ."

ಆ ಕ್ಷಣದಲ್ಲಿ ಮಿಂಚು ಹೂಂ ಅಂದಿದ್ದರೆ ಟ್ರ್ಯಾಕಕ್ಕ ಎಲ್ಲವನ್ನೂ ಮರೆಯುತ್ತಿದ್ದಳು, ಬೆಕ್ಕನ್ನೂ ಕ್ಷಮಿಸುತ್ತಿದ್ದಳು.

ಮಿಂಚು ಕೈ ಬಿಟ್ಟಳು. "ಜನ ಬರೋದು ನನ್ನ ನೋಡೋಕೆ ಅಕ್ಕಾ. ಈಗ್ಲೇ ಬಾಯಿ ಆಡಿಸ್ತಾಳೆ ಅಂತ ಆಡ್ಕೊಂಡು ನಗೋರು ಇದಾರೆ. ನಿನ್ನ ಹೆಸರು ಹೇಳಿದ್ರೆ ನನ್ನ ಕಥೆ ಮುಗೀತು. ನೀನು ಯಾವತ್ತೂ ಹಾಗೆಲ್ಲ ಕೇಳೋಳಲ್ವಲ್ಲ."

"ಹೌದು, ಕೇಳೋಳಲ್ಲ," ಅಂದಳು ಟ್ರ್ಯಾಕಕ್ಕ. "ಆಗ್ಲಿ. ಬರ್ತೀನಿ."

ಮಿಂಚು ಅವಳ ಕೆನ್ನೆಗೊಂದು ಮುತ್ತು ಕೊಟ್ಟು, ಅತ್ತೆಯ ಕೈಗೆ ಮುಂದಿನ ಸಾಲಿನ ಪಾಸೊಂದನ್ನು ತುರುಕಿ ಹೋದಳು. ಅತ್ತೆ ಪಾಸನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ನಿನ್ನ 'ಆಗ್ಲಿ' ನಂಗೊತ್ತು ಕಣೇ. ನನ್ನ ಮಗನಿಗೆ 'ಆಗ್ಲಿ' ಅಂದ ದಿನ ಅವನು ಹೊರಗಿನ ಬೆಂಚಿನ ಮೇಲೆ ಮಲಗಿದ್ದ. ಏನು ಮಾಡ್ಬೇಕು ಅಂತಿದೀಯ?"

"ಏನೂ ಮಾಡಲ್ಲ ಅತ್ತೆ. ಸುಮ್ನೆ ಇರ್ತೀನಿ."

ಕಾರ್ಯಕ್ರಮದ ದಿನ ಬಿಸಿಲು ಇಳಿಯುವ ಹೊತ್ತಿಗೇ ಮೈದಾನ ತುಂಬಿತ್ತು. ಕೋರಸ್‌ನವರಿಗೆ ಕಪ್ಪು ಬಟ್ಟೆ ಕೊಟ್ಟು ಬೆಳಕು ಬೀಳದ ಕಡೆ ನಿಲ್ಲಿಸಿದ್ದರು. ಮಿಂಚು ಹೊಳೆಯುವ ಉಬ್ಬುತೋಳಿನಲ್ಲಿ ಬಂದಳು. ಡ್ರಮ್ಮಿನ ಹಾಡಿಗೆ ಜನ ಕುಣಿದರು, ತುಂಟ ಹಾಡಿಗೆ ನಕ್ಕರು. ಅವಳು ಒಂದು ಬೆರಳೆತ್ತಿದರೆ ಸಾಕು, ಮೈದಾನವಿಡೀ ಸುಮ್ಮನಾಗುತ್ತಿತ್ತು. ಚೆನ್ನಾಗಿ ಮಾಡುತ್ತಾಳೆ ಎಂದು ಟ್ರ್ಯಾಕಕ್ಕ ಕತ್ತಲಲ್ಲಿ ಒಪ್ಪಿಕೊಂಡಳು. ಒಪ್ಪಿಕೊಂಡಷ್ಟೂ ಅವಳ ನಿಶ್ಚಯ ಗಟ್ಟಿಯಾಯಿತು. ಇಷ್ಟೆಲ್ಲ ಇದ್ದವಳಿಗೆ ತನ್ನದೊಂದು ಹಾಡನ್ನು ಬಿಟ್ಟುಕೊಡಲು ಏನಾಗಿತ್ತು ದೊಡ್ಡ ರೋಗ?

ಮೆಟ್ಟಿಲಿನ ಹಾಡು ಶುರುವಾದಾಗ ಮೈದಾನದಲ್ಲಿ ಒಂದು ಉದ್ದನೆಯ ನಿಟ್ಟುಸಿರು ಎದ್ದಿತು. ಮಿಂಚು ಪಲ್ಲವಿ ಹಾಡಿದಳು, ಚರಣ ಹಾಡಿದಳು. ಕೊನೆಯ ಸಾಲಿಗೆ ಮುಂಚೆ ತಲೆ ಸ್ವಲ್ಪ ಹಿಂದಕ್ಕೆ ತಿರುಗಿಸಿ ಒಂದು ಕಣ್ಸನ್ನೆ ಮಾಡಿದಳು. ಮೈಕ್ ಟ್ರ್ಯಾಕಕ್ಕನ ತುಟಿಯ ಹತ್ತಿರವೇ ಇತ್ತು. ಎದೆ ತುಂಬ ಗಾಳಿ ಇತ್ತು.

ಅವಳು ತುಟಿಗೆ ತುಟಿ ಒತ್ತಿ ಹಿಡಿದಳು.

ಮುಂದೆ ಮಿಂಚುವಿನ ಬಾಯಿ ಆಡಿತು, ದನಿ ಬರಲಿಲ್ಲ. ವಾದ್ಯಗಳು ಮಾತ್ರ ನುಡಿಯುತ್ತಿದ್ದವು. ಹಿಂದೆ ಸಿಕ್ಕಿಬಿದ್ದ ದಿನ ನೆನಪಾಗಿರಬೇಕು, ಅವಳ ಮುಖ ಬಿಳಿಚಿಕೊಂಡಿತು. ಗಾಬರಿಯಲ್ಲಿ ತಾನೇ ಹಾಡಲು ಶುರುಮಾಡಿದಳು. 'ಇನ್ನೊಂದೇ ಮೆಟ್ಟಿಲು, ಇನ್ನೊಂದೇ...' ಎದೆ ಖಾಲಿಯಾಯಿತು. ದನಿ ಕೀರಲಾಗಿ ಮುರಿದು ಬಿತ್ತು. ದೊಡ್ಡ ಪರದೆಯ ಮೇಲೆ ಅವಳ ತೆರೆದ ಬಾಯಿ ಮನೆಯ ಬಾಗಿಲಿನಷ್ಟು ದೊಡ್ಡದಾಗಿ ಕಾಣುತ್ತಿತ್ತು. ಟ್ರ್ಯಾಕಕ್ಕನಿಗೆ ಮೈಯೆಲ್ಲ ಬೆಚ್ಚಗಾಯಿತು. ನೋಡು, ನೋಡಿಕೋ ಎಂದು ಅವಳ ಒಳಗೆ ಯಾರೋ ಕುಣಿದರು. ಅಷ್ಟು ಸುಖವನ್ನು ಅವಳು ಹಾಡುವಾಗಲೂ ಕಂಡಿರಲಿಲ್ಲ.

ಆಗ ಕೆಳಗೆ ಎಲ್ಲೋ ಒಬ್ಬ ಗಂಡಸು, ಶ್ರುತಿಯ ಗಂಧಗಾಳಿಯೂ ಇಲ್ಲದ ಒರಟು ದನಿಯವನು, ಮುರಿದ ಸಾಲನ್ನು ಎತ್ತಿಕೊಂಡ. ಅವನ ಜೊತೆ ಕೆಲವರು ಸೇರಿದರು, ಆಮೇಲೆ ಆ ಬದಿ, ಈ ಬದಿ, ಹಿಂದಿನ ಬೇಲಿಯ ತನಕ. ಬಸ್ ನಿಲ್ದಾಣಗಳಲ್ಲಿ ಕೆಮ್ಮಿ ಕೆಮ್ಮಿ ಕಲಿತವರೆಲ್ಲ ಹಾಡಿದರು. ಒಬ್ಬರ ಉಸಿರು ಮುಗಿದರೆ ಪಕ್ಕದವರ ಉಸಿರು ಇರುತ್ತಿತ್ತು, ಹಾಗಾಗಿ ಸಾಲು ಎಲ್ಲೂ ಹರಿಯಲಿಲ್ಲ. ಕೆಳಗಿನಿಂದ ಎದ್ದು, ಏರಿ, ಸಾಕು ಅನ್ನುವಲ್ಲಿಯೂ ನಿಲ್ಲದೆ ಏರಿ, ಮೇಲೆ ಹೋಗಿ ಆ ಸಣ್ಣ ತಿರುವು ತಗೊಂಡಿತು. ಮೈದಾನದ ಅಷ್ಟೂ ಜನ ಅಮ್ಮನ ತಿರುವನ್ನು ಅಮ್ಮನ ಹಾಗೇ ತಿರುಗಿಸಿದರು. 'ಅಂದವನೇ' ಎಂದೇ ಹಾಡಿದರು, ಇರಲಿ. ಮುಂದಿನ ಸಾಲಿನಲ್ಲಿ ಅತ್ತೆ ಎದ್ದು ನಿಂತು ಕನ್ನಡಕ ಒರೆಸಿಕೊಳ್ಳುತ್ತಿದ್ದಳು. ಟ್ರ್ಯಾಕಕ್ಕ ಪಕ್ಕದವಳ ಭುಜ ಹಿಡಿದುಕೊಂಡಳು. ಅವಳ ಬಾಯಿ ಮುಚ್ಚಿತ್ತು, ಆದರೂ ಅವಳು ಹಾಡಿದ್ದು ಅವಳಿಗೇ ಕೇಳುತ್ತಿತ್ತು. ಅಳು ಬಂತು, ಅದು ಸಂತೋಷಕ್ಕೋ ಸೇಡು ಕೈತಪ್ಪಿದ್ದಕ್ಕೋ ಅವಳಿಗೇ ತಿಳಿಯಲಿಲ್ಲ.

ಮಿಂಚು ಸಾಮಾನ್ಯಳಲ್ಲ. ಸಾಲು ಅರ್ಧ ಏರುವಷ್ಟರಲ್ಲಿ ಅವಳಿಗೆ ಪರಿಸ್ಥಿತಿ ಅರ್ಥವಾಗಿತ್ತು. ಮೈಕನ್ನು ಜನರ ಕಡೆ ಚಾಚಿ, ಇದೆಲ್ಲ ಮೊದಲೇ ಯೋಚಿಸಿದ್ದೆಂಬಂತೆ ಕಣ್ಣು ಮುಚ್ಚಿ ನಕ್ಕಳು. ಚಪ್ಪಾಳೆಯ ನಡುವೆ ಬಾಗಿ ವಂದಿಸಿದಳು. ಬೆಳಕು ಆರಿದ ಕೂಡಲೇ ವೇದಿಕೆಯ ಹಿಂದಿನ ಕಬ್ಬಿಣದ ಮೆಟ್ಟಿಲುಗಳನ್ನು ದಡದಡ ಇಳಿದು ಬಂದು, ಆಗಲೇ ಕೆಳಗಿಳಿದು ನಿಂತಿದ್ದ ಟ್ರ್ಯಾಕಕ್ಕನ ತೋಳನ್ನು ಉಗುರು ನಾಟುವಂತೆ ಹಿಡಿದಳು.

"ಬೇಕಂತ್ಲೇ ಮಾಡಿದೆ."

"ಹೌದು."

"ಇವತ್ತಲ್ಲ. ಟ್ರ್ಯಾಕ್‌ನಲ್ಲೇ ಮಾಡಿದೀಯ. ಉಸಿರು ತೋರಿಸ್ಲಿಲ್ಲ ನೀನು."

"ತೋರಿಸ್ಲಿಲ್ಲ," ಅಂದಳು ಟ್ರ್ಯಾಕಕ್ಕ. ಆ ಮಾತನ್ನು ಬಾಯಿಬಿಟ್ಟು ಹೇಳಿದ ಮೇಲೆ ಎಷ್ಟೋ ಹಗುರವೆನಿಸಿತು. "ಇಷ್ಟು ವರ್ಷ ತೋರಿಸಿದ್ದೆ. ನಿಂಗೆ ಗೊತ್ತೇ ಆಗಿರ್ಲಿಲ್ಲ. ಒಂದು ಹಾಡಿಗೆ ತೋರಿಸ್ಲಿಲ್ಲ, ಗೊತ್ತಾಯ್ತು ನೋಡು."

"ಯಾವ ಸ್ಟುಡಿಯೋದವ್ರೂ ನಿನ್ನ ಕರೀದೇ ಇರೋ ಹಾಗೆ ಮಾಡ್ತೀನಿ."

"ಮಾಡು. ಉಬ್ಬುತೋಳು ಹೊಲಿಯೋದೇ ಬೇಕಾದಷ್ಟಿದೆ ನಂಗೆ."

"ಈ ಹಾಡನ್ನ ಇನ್ನು ಜನ್ಮದಲ್ಲಿ ಹಾಡಲ್ಲ ನಾನು!"

ಅಷ್ಟು ಹೊತ್ತಿಗೆ ಹೊರಗೆ ಚಪ್ಪಾಳೆ ತಾಳಕ್ಕೆ ಬಿದ್ದಿತ್ತು. ತಾಳದ ಮೇಲೆ ಕೂಗು ಕೂತಿತು. ಮೆಟ್ಟಿಲು! ಮೆಟ್ಟಿಲು! ಇನ್ನೊಮ್ಮೆ! ವೇದಿಕೆಯ ಹಲಗೆಗಳು ಅದುರುತ್ತಿದ್ದವು. ಮೇಷ್ಟ್ರು ಮೇಲೆ ಕೀಬೋರ್ಡಿನ ಹಿಂದಿನಿಂದ ತಲೆ ಹಾಕಿ, "ಮಿಂಚೂ, ಬಾರಮ್ಮ, ಬಿಡ್ತಿಲ್ಲ ಇವ್ರು," ಎಂದು ಕೂಗಿ, ಟ್ರ್ಯಾಕಕ್ಕನನ್ನು ಕಂಡು ಮತ್ತೆ ತಲೆ ಒಳಗೆಳೆದುಕೊಂಡ.

ಟ್ರ್ಯಾಕಕ್ಕ ತನ್ನ ತೋಳಿನಿಂದ ಮಿಂಚುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಹಾಡಲ್ವಾ? ಕೇಳು, ಕರೀತಿದಾರೆ. ಇವತ್ತು ಇಲ್ಲಿ, ನಾಳೆ ಇನ್ನೊಂದೂರು. ಎಲ್ಲೇ ಹೋಗು, ಮೊದಲು ಇದನ್ನೇ ಕೇಳ್ತಾರೆ. ಜನ ಎತ್ಕೊಳೋದು ಒಂದ್ಸಲ, ಎರಡ್ಸಲ. ಆಮೇಲೆ, ಇವಳೇ ಯಾಕೆ ಹಾಡಲ್ಲ ಅಂತಾರೆ. ಮುದುಕಿಯಾಗಿ ಕೋಲು ಹಿಡ್ಕೊಂಡು ಬಂದ್ರೂ ಇದೇ ಹಾಡು ಅಂತಾರೆ. ನೀನೇ ಅಲ್ವಾ ಕೇಳಿ ತಗೊಂಡಿದ್ದು? ನಮ್ಮಮ್ಮನ ಮೆಟ್ಟಿಲು ಕಣೇ ಅದು. ಹತ್ತು."

ಮಿಂಚು ಹೊಳೆಯುವ ತೋಳನ್ನು ಸರಿಮಾಡಿಕೊಂಡು ಕಬ್ಬಿಣದ ಮೆಟ್ಟಿಲ ಕಡೆ ತಿರುಗಿ, ಕಂಬಿ ಹಿಡಿದು ಹತ್ತತೊಡಗಿದಳು. ಟ್ರ್ಯಾಕಕ್ಕ ಕೆಳಗೆ ನಿಂತು, ಅವಳು ಎಲ್ಲಿ ಉಸಿರು ತಗೊಳ್ಳುತ್ತಾಳೆಂದು ನೋಡುತ್ತಿದ್ದಳು.